ಬೆಂಡಿ ಹೊಲದ ಕೆಂಪು ದಾರ

ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಕೂತು ಉಂಡವರಿಗೆ ಹೊಟ್ಟೆ ಭಾರವಾಗುವುದು ಇದ್ದದ್ದೇ. ಉಣ್ಣುವ ಮೊದಲೇ ಎದೆ ಭಾರವಾದದ್ದು ಆ ವರ್ಷ ದುಂಡಸಿಯಲ್ಲಿ ನಾಗರತ್ನಾ ಒಬ್ಬಳಿಗೇ ಇರಬೇಕು.

ಭೂಮಿತಾಯಿ ತುಂಬಿದ ಬಸುರಿ, ಅವತ್ತು ಅವಳಿಗೆ ಸೀಮಂತದ ಕುಬಸ. ಖಾದರಸಾಬರ ಹೊಲದ ಬದುವಿನಲ್ಲಿ ಪಾಂಡವರೆಂದು ಐದು ಕಲ್ಲು ಕೂರಿಸಿ, ಸುಣ್ಣ ಬಳಿದು, ಹಸಿರು ಬಳೆ ಇಟ್ಟು, ಕಡುಬು, ಸಜ್ಜಿ ರೊಟ್ಟಿ, ಪುಂಡಿಪಲ್ಯೆ ಎಡೆ ಮಾಡಿ ಆಗಿತ್ತು. ಹೊಲ ಸಾಬರದು, ಪೂಜೆ ನಾಗರತ್ನಾಳ ಅತ್ತೆ ಸುಶೀಲವ್ವನದು. 'ಹೊಲ ಯಾರದರ ಇರಲಿ, ತಾಯಿ ಒಬ್ಬಾಕೀನ' ಎಂದು ಮುದುಕಿ ಬೆಳಿಗ್ಗೆಯೇ ತೀರ್ಪು ಕೊಟ್ಟಿದ್ದಳು. ಖಾದರಸಾಬರು ನಕ್ಕು, ತಮ್ಮ ಪಾಲಿನ ಕಡುಬು ತಪ್ಪಿಸಬೇಡಿ ಎಂದಷ್ಟೇ ಹೇಳಿದ್ದರು. ಈಗ ಮುದುಕಿ 'ಹುಲ್ಲುಲ್ಲಿಗೋ' ಎಂದು ಕೂಗುತ್ತ ಹೊಲದ ಸುತ್ತ ಎಡೆಯ ಅಡುಗೆಯ ಚರಗ ಚೆಲ್ಲಿ ಬಂದು, ಊಟಕ್ಕೆ ಕೂರುವುದು ಬಿಟ್ಟು, ಬೆಂಡಿ ಸಾಲಿನೊಳಗೆ ನುಗ್ಗಿ ಕುಕ್ಕರಗಾಲಲ್ಲಿ ಕೂತಿದ್ದಳು.

ಕರೆಯಲೆಂದು ಹೋದ ನಾಗರತ್ನಾ ನೋಡುತ್ತಾಳೆ: ಅತ್ತೆಯ ಕೈಯಲ್ಲಿ ಕೆಂಪು ದಾರದ ಉಂಡೆ.

"ಅತ್ತಿ, ಏನ್ ಮಾಡಾಕತ್ತೀರಿ?"

"ಕಾಣಂಗಿಲ್ಲೇನ? ಈ ಕೂಸಿಗೆ ದಾರ ಕಟ್ಟಾಕತ್ತೇನಿ." ಹೆಬ್ಬೆರಳ ಗಾತ್ರದ ಎಳೆ ಬೆಂಡಿಕಾಯಿಯ ತೊಟ್ಟಿಗೆ ಗಂಟು ಹಾಕುತ್ತಲೇ ಸುಶೀಲವ್ವ ಹೇಳಿದಳು. "ನೀವು ದಿನಾ ದಾರ ಇಲ್ಲದ್ದನ್ನ ಹುಡುಕಿ ಹುಡುಕಿ ಮುರದು ಬದುವಿಗೆ ಒಗೀತೀರಿ. ಎಳೀ ಕಾಯಿ! ಅದೂ ಬಸುರಿ ಹೊಲದಾಗ! ನೋಡಾಕ ಆಗವಲ್ದು ನನಗ. ದಾರ ಇದ್ದದ್ದು ಉಳೀತೈತಿ, ಇಲ್ಲದ್ದು ಹೋಗತೈತಿ ಅನ್ನೂದು ನನಗೂ ತಿಳೀತು. ಅದಕ್ಕ ನವರಾತ್ರಿಗೆ ಘಟ್ಟ ಹಾಕಿದ ದಿನದಿಂದ, ನೀವು ಮನೀಗೆ ಹೊಂಟ ಮ್ಯಾಲೆ ನಾ ಬಂದು ಇಲ್ಲದ್ದಕ್ಕೆಲ್ಲ ಕಟ್ಟಾಕತ್ತೇನಿ. ನಿನ್ನಂಗ, ಅದ ಗಂಟು. ನೋಡಿ ಹೇಳು, ಗುರ್ತು ಹತ್ತತೈತೇನು?"

ನಾಗರತ್ನಾ ಬಗ್ಗಿ ನೋಡಿದಳು. ಗುರುತು ಹತ್ತಲಿಲ್ಲ. ಆ ಕಾಯಿಗೂ ಪಕ್ಕದ ಗಿಡದಲ್ಲಿ ತಾನೇ ಕಟ್ಟಿದ ಕಾಯಿಗೂ ಕೂದಲೆಳೆಯ ಫರಕು ಇರಲಿಲ್ಲ. ಮುಂದಿನ ಗಿಡಗಳನ್ನೂ ಬಗ್ಗಿ ನೋಡಿದಳು, ಅಲ್ಲೂ ಅದೇ ಗಂಟು.

ಬೆಂಡಿಯ ಸಂಕರ ಬೀಜ ಮಾಡುವುದು ಹೇಗೆಂದು ಗೊತ್ತಿಲ್ಲದವರಿಗೆ ಇದರಲ್ಲಿ ಅಂಥದ್ದೇನಾಯಿತು ಅನ್ನಿಸಬಹುದು. ಹೊಲದಲ್ಲಿ ಹೆಣ್ಣು ಸಾಲು ಬೇರೆ, ಗಂಡು ಸಾಲು ಬೇರೆ. ನಾಳೆ ಅರಳುವ ಹೆಣ್ಣು ಸಾಲಿನ ಮೊಗ್ಗನ್ನು ಇವತ್ತು ಇಳಿಹೊತ್ತಿನಲ್ಲೇ ಹೆಬ್ಬೆರಳ ಉಗುರಿನಿಂದ ಸೀಳಿ, ಒಳಗಿನ ಗಂಡು ಎಳೆಗಳನ್ನೆಲ್ಲ ತೆಗೆದು, ಕಾಗದದ ಕುಲಾಯಿ ತೊಡಿಸಿ, ತೊಟ್ಟಿಗೆ ಕೆಂಪು ದಾರ ಕಟ್ಟಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ತಂದು ಅದಕ್ಕೆ ಮುಟ್ಟಿಸಬೇಕು. ಊರವರು ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಕಣ್ಣು ತಪ್ಪಿ ಉಳಿದ ಮೊಗ್ಗು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ, ಅದು ಬೀಜಕ್ಕೆ ಬಾರದ ಕಾಯಿ. ಅದಕ್ಕೆ ದಾರ ಇರುವುದಿಲ್ಲ, ಆದ್ದರಿಂದ ದಿನಾ ಹುಡುಕಿ ಕಿತ್ತು ಹಾಕುತ್ತಾರೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವೆ ಇದ್ದ ಗುರುತು ಅದೊಂದೇ ದಾರ. ಮುದುಕಿ ಅದನ್ನು ರಕ್ಷೆಯ ದಾರ ಅಂದುಕೊಂಡು, ಕರುಣೆಯಿಂದ, ಹೊಲಕ್ಕೆಲ್ಲ ಹಂಚಿಬಿಟ್ಟಿದ್ದಳು.

ಬೈಯಬೇಕೆಂದು ನಾಗರತ್ನಾಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸುಶೀಲವ್ವನ ಮುಖ ನೋಡಿದಳು. ಹಣೆ ತುಂಬ ಕುಂಕುಮ, ಮೈ ತುಂಬ ಬೆವರು, ಚೊಚ್ಚಲ ಹೆರಿಗೆ ಮಾಡಿಸಿದ ಸೂಲಗಿತ್ತಿಯ ಹಿಗ್ಗು. ಹಬ್ಬದ ದಿನ ಆ ಹಿಗ್ಗಿನ ಮೇಲೆ ನೀರು ಸುರಿಯುವ ಧೈರ್ಯ ಬರಲಿಲ್ಲ.

"ಉಣ್ಣಾಕ ಬರ್ರಿ, ಕಡುಬು ಆರತಾವ" ಎಂದಷ್ಟೇ ಹೇಳಿದಳು.

ನಾಗರತ್ನಾ ಹಿರೇಕೆರೂರು ಕಡೆಯ ಹುಡುಗಿ. ಅಲ್ಲಿ ಹೆಣ್ಣುಮಕ್ಕಳು ಸೂಜಿಗೆ ದಾರ ಪೋಣಿಸುವ ಮೊದಲೇ ಮೊಗ್ಗು ಸೀಳುವುದು ಕಲಿಯುತ್ತಾರೆ. ದುಂಡಸಿಗೆ ಸೊಸೆಯಾಗಿ ಬಂದಾಗ ಇಲ್ಲಿ ಗೋವಿನಜೋಳ ಬಿಟ್ಟರೆ ಹತ್ತಿ, ಹತ್ತಿ ಬಿಟ್ಟರೆ ಗೋವಿನಜೋಳ. ಗಂಡ ಕರಬಸಪ್ಪ ಜೋಳ ಒಕ್ಕುವ ಮಷೀನು ಹಿಡಿದು ಊರೂರು ತಿರುಗುವವನು. ಹೆಂಗಸರಿಗೆ ಕಳೆ ತೆಗೆಯುವುದೊಂದೇ ಕೆಲಸ, ಅದನ್ನೂ ಈಗ ಔಷಧಿ ಡಬ್ಬಿ ಕಸಿದುಕೊಂಡಿತ್ತು. ಮೂರು ವರ್ಷ ಅವಳು ಬೀಜದ ಕಂಪನಿಯವರ ಬೆನ್ನು ಬಿಡದೆ ಕಾಡಿ, ಈ ಸಲ ಒಂದು ಹೊಲದ ಕೆಲಸ ತಂದಿದ್ದಳು. ಗೆಳತಿ ಗುಲ್ನಾಜ ತನ್ನ ಮಾವ ಖಾದರಸಾಬರ ಕಾಲು ಹಿಡಿದು ಹೊಲ ಗುತ್ತಿಗೆಗೆ ಕೊಡಿಸಿದ್ದಳು. ಓಣಿಯ ಸುನಿತಾ, ಮತ್ತೆ ಏಳೆಂಟು ಮಂದಿ ಹೆಂಗಸರು ಕೂಡಿಕೊಂಡರು. ಕಂಪನಿಯ ಮಾತು ಒಂದೇ: ಮೊದಲ ಬೀಜ ಪರೀಕ್ಷೆಯಲ್ಲಿ ಪಾಸಾದರೆ ಮುಂದಿನ ವರ್ಷ ಊರಿಗೆ ಇನ್ನಷ್ಟು ಹೊಲ. ಬೆರಕೆ ಬಂದರೆ ದುಂಡಸಿಯತ್ತ ಕಡೆಗಣ್ಣಲ್ಲೂ ನೋಡುವುದಿಲ್ಲ.

ಆ ರಾತ್ರಿ ನಾಗರತ್ನಾಗೆ ನಿದ್ದೆ ಹತ್ತಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ತವರಿನ ಪಕ್ಕದ ಹಳ್ಳಿಯೊಂದಕ್ಕೆ ಹೀಗೇ ಒಮ್ಮೆ ಬೆರಕೆ ಬಂದಿತ್ತು. ಬೀಜ ಬಿತ್ತಿದ ರೈತನ ಹೊಲದಲ್ಲಿ ಅರ್ಧ ಗಿಡ ಒಂದು ನಮೂನೆ, ಅರ್ಧ ಮತ್ತೊಂದು ನಮೂನೆ. ಆಮೇಲೆ ಆ ಹಳ್ಳಿಗೆ ಯಾವ ಕಂಪನಿಯೂ ಕಾಲಿಡಲಿಲ್ಲ, ಅಲ್ಲಿಯ ಹೆಂಗಸರು ಈಗಲೂ ಟೆಂಪೊ ಹತ್ತಿ ಪರಊರಿಗೆ ಕೂಲಿಗೆ ಹೋಗುತ್ತಾರೆ. ಬೆಳಗಾಗುವುದರೊಳಗೆ ಅವಳ ಮನಸ್ಸು ಗಟ್ಟಿಯಾಗಿತ್ತು.

ಹೊತ್ತು ಏರುವ ಮೊದಲೇ ಕಂಪನಿಯ ಮೇಲ್ವಿಚಾರಕ ಫಕ್ಕೀರೇಶ ಬೈಕಿನಲ್ಲಿ ಬಂದ. ಮನುಷ್ಯ ಕೆಟ್ಟವನಲ್ಲ. ಸುತ್ತಲಿನ ಹಳ್ಳಿಗಳ ಹೊಲಗಳೆಲ್ಲ ಅವನ ತಲೆ ಮೇಲೆ, ಆದ್ದರಿಂದ ತಲೆನೋವು ಎಲ್ಲಿ ಕಡಿಮೆಯೋ ಆ ದಾರಿ ಹಿಡಿಯುವವನು. ನಾಗರತ್ನಾ ನಡೆದದ್ದು ಹೇಳಿದಳು, ಅತ್ತೆಯ ಹೆಸರೊಂದು ಬಿಟ್ಟು. ದಾರ ಹೆಚ್ಚುಕಡಿಮೆ ಆಗ್ಯಾವ, ತಪ್ಪು ನಂದು ಎಂದಳು.

ಅವನು ಸಾಲಿನಲ್ಲಿ ನಾಲ್ಕು ಹೆಜ್ಜೆ ನಡೆದು ಬಂದು ಸಣ್ಣ ದನಿಯಲ್ಲಿ ಹೇಳಿದ. "ಅಕ್ಕಾರ, ಪರೀಕ್ಷಾಕ್ಕ ಒಂದು ಮುಟಿಗಿ ಬೀಜ ಒಯ್ತಾರ. ಆ ಮುಟಿಗ್ಯಾಗ ಬೆರಕಿ ಬರಬೇಕಂತೇನಿಲ್ಲ. ನೀವು ಹೇಳಿಲ್ಲ, ನಾ ಕೇಳಿಲ್ಲ. ಸುಮ್ಮ ಬಿಡ್ರಿ."

"ಬಂದ್ರ?"

"ಬಂದ್ರ ನೋಡೋಣಂತ."

"ನೀವು ನೋಡ್ತೀರಿ ಸಾಹೇಬ್ರ, ಮುಂದಿನ ಊರಿಗೆ ಹೊಕ್ಕೀರಿ. ನಮಗ ಇರೂದು ಇದೊಂದ ಊರು." ಅವಳಿಗೇ ತನ್ನ ದನಿ ಜೋರಾಯಿತು ಅನ್ನಿಸಿತು, ಆದರೂ ತಗ್ಗಿಸಲಿಲ್ಲ. "ಘಟ್ಟ ಹಾಕಿದ ಮ್ಯಾಲೆ ಕಟ್ಟಿದ ಕಾಯಿ ಅಷ್ಟೂ ಕಿತ್ತ ಬಿಡತೇವಿ. ಅದಕ್ಕೂ ಮೊದಲಿನವು ಬಲತಾವ, ನೋಡಿದ್ರ ತಿಳೀತಾವ, ಅವು ಇರಲಿ. ಕಾಯಿ ಕಿತ್ತಷ್ಟೂ ಬೆಂಡಿ ಮತ್ತ ಹೂ ಬಿಡತೈತಿ. ಹೂ ಇರೋ ತನಕಾ ಹೊಸದಾಗಿ ಕ್ರಾಸಿಂಗ್ ಮಾಡತೇವಿ."

"ಎರಡು ಪಟ್ಟು ಕೈ ಬೇಕಾಗತಾವ."

"ತರತೇನಿ."

ಫಕ್ಕೀರೇಶ ಹೆಲ್ಮೆಟ್ಟು ತಲೆಗೆ ಹಾಕಿಕೊಂಡು, ಆಯ್ತು, ಹೂವು ಮುಗಿಯುವ ಹೊತ್ತಿಗೆ ಹೊಲ ನೋಡಲು ಬರುತ್ತೇನೆ, ಅಷ್ಟರಲ್ಲಿ ಆಗದಿದ್ದರೆ ನನ್ನ ಮೇಲೆ ಹಾಕಬೇಡಿ ಎಂದು ಹೊರಟುಹೋದ.

ಆಮೇಲೆ ಹೆಂಗಸರು ಬಂದರು. ನಾಗರತ್ನಾ ಅವರಿಗೂ ಅದನ್ನೇ ಹೇಳಿದಳು: ತಪ್ಪು ನಂದು, ದಾರ ನಾನೇ ಸರಿಯಾಗಿ ನೋಡಿಕೊಳ್ಳಲಿಲ್ಲ, ಕಿತ್ತು ಹಾಕೋಣ. ಸುನಿತಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಅಂದರೆ ಜಗಳಕ್ಕೆ ನಿಂತಳು ಅಂತಲೇ ಅರ್ಥ.

"ಭಾಳ ಶಾಣ್ಯಾಕಿ ಬಂದಳವ್ವ ಹಿರೇಕೆರೂರಿಂದ! ನಮ್ಮ ಉಗುರು ಹರದು ರಕ್ತ ಬರೂ ತನಕಾ ಮೊಗ್ಗು ಸೀಳಿಸಿ, ಈಗ ಒಗೀರಿ ಅಂತಾಳ! ನಾವೇನು ನಿನ್ನ ಮನೀ ಎಮ್ಮಿ ಕಾಯೋರೇನು?"

"ಸುನಿತಾ, ಬೈ, ಬ್ಯಾಡ ಅನ್ನಂಗಿಲ್ಲ. ಬೈಕೋತ ಕೀಳು."

"ಕೀಳಂಗಿಲ್ಲ, ಏನಿಲ್ಲ. ದಿನಾ ಮುಂಜಾನಿ ಗಾರ್ಮೆಂಟಿನ ಬಸ್ಸು ಬರತೈತಿ. ಶಿಗ್ಗಾಂವ್ಯಾಗ ಫ್ಯಾನಿನ ಕೆಳಗ ಕುಂತು ಅಂಗಿ ಹೊಲದ್ರ ತಿಂಗಳಾ ಪಗಾರ. ಹೂವಿನ ಮಾತು ಕೇಳಿ ಕುಣಿಯೂ ಗತಿ ಇಲ್ಲ."

ಇದು ಊರಿನಲ್ಲಿ ದಿನಾ ನಡೆಯುವ ವಾದವೇ. ಯಾರ ತಾಲೂಕು ಯಾವುದರ ಮೇಲೆ ಬದುಕುತ್ತದೆ, ಮುಂದೆ ಯಾವುದರ ಮೇಲೆ ಬದುಕುತ್ತದೆ ಎಂದು ಕಟ್ಟೆಯ ಮೇಲೆ ಗಂಡಸರು ವರ್ಷಗಟ್ಟಲೆ ಹೇಳುತ್ತ ಬಂದಿದ್ದಾರೆ. ಹಾನಗಲ್ಲಿನವರಿಗೆ ಮಾವು ಐತಿ, ಭತ್ತ ಐತಿ, ಈಗ ಅಡಕೆಯ ಹುಚ್ಚೂ ಹಿಡಿದೈತಿ, ಸವಣೂರಿಗೆ ಎಲೆತೋಟ, ಹಿರೇಕೆರೂರಿಗೆ ಬೀಜ, ನಮ್ಮ ಶಿಗ್ಗಾಂವಿಗೆ ಹೆದ್ದಾರಿ, ಅದರ ಬಗಲಿಗೆ ಫ್ಯಾಕ್ಟರಿ. ಮಾತು ಮುಗಿಸಿ ಗಂಡಸರು ಚಹಾಕ್ಕೆ ಹೋಗುತ್ತಾರೆ. ಆ ಲೆಕ್ಕದಲ್ಲಿ ಹೆಂಗಸರ ಪಾಲು ಯಾವುದು ಎಂದು ಕೇಳಿದವರಿಲ್ಲ.

ಗುಲ್ನಾಜ ಸವಣೂರಿನ ಎಲೆತೋಟದ ಮನೆಯ ಮಗಳು. ಅವಳು ನಡುವೆ ಬಂದಳು. "ಸುನಿತಾ, ನಮ್ಮ ಅಬ್ಬಾನ ತೋಟದಾಗ ಒಂದು ಬಳ್ಳಿಗೆ ರೋಗ ಬಂದ್ರ ಅಕ್ಕಪಕ್ಕದವು ಹತ್ತು ಬಳ್ಳಿ ಕಿತ್ತು ಸುಡತಿದ್ರು. ಅಳಕೋತ ಸುಡತಿದ್ರು. ಆದ್ರ ತೋಟ ಉಳೀತು."

"ನಿಮ್ಮ ಅಬ್ಬಾನ ಪುರಾಣ ನಿನ್ನ ಹಂತ್ಯಾಕ ಇಟಗೋ" ಎಂದು ಸುನಿತಾ ಹೊರಟೇಬಿಟ್ಟಳು. ಅವಳ ಬೆನ್ನ ಹಿಂದೆ ಮತ್ತೆ ನಾಲ್ಕು ಮಂದಿ. ಉಳಿದವರು ಕೈ ಹೊಸೆಯುತ್ತ ನಿಂತರು.

ಅಯ್ಯೋ, ಮೂರು ವರ್ಷದ ಓಡಾಟ! ಆದರೆ ಅಳುತ್ತ ಕೂತರೆ ಬೆಂಡಿಕಾಯಿ ತಾನಾಗಿ ಉದುರುತ್ತದೆಯೇ? ನಾಗರತ್ನಾ ಮೊದಲ ಸಾಲಿಗೆ ಇಳಿದಳು. ದಾರ ಇದ್ದದ್ದು, ಇಲ್ಲದ್ದು, ಎಳೆಯದೆಲ್ಲವನ್ನೂ ಮುರಿಯುತ್ತ ಹೋದಳು. ತಾನು ಬಗ್ಗಿ ಬಗ್ಗಿ ಮಾಡಿದ ಕಾಯಿಗಳೇ ಕೈಗೆ ಬರುತ್ತಿದ್ದವು. ಇದು ನನ್ನದು, ಇದು ಖಂಡಿತ ನನ್ನದು ಎಂದು ಒಳಗೊಂದು ದನಿ ಹೇಳುತ್ತಿತ್ತು. ಖಂಡಿತ ಅನ್ನುವಂತಿರಲಿಲ್ಲ, ಮುರಿದಳು.

ಮಧ್ಯಾಹ್ನ ಸುಶೀಲವ್ವ ಬುತ್ತಿ ಹೊತ್ತು ಬಂದಳು. ಬದುವಿನ ಮೇಲೆ ರಾಶಿ ಬಿದ್ದ ಎಳೆ ಕಾಯಿ ನೋಡಿದವಳೇ ಬುತ್ತಿ ಕೆಳಗಿಟ್ಟು ಎದೆ ಎದೆ ಬಡಿದುಕೊಂಡಳು.

"ನಿನ್ನೀನ ಕುಬಸ ಮಾಡೇನಿ, ಇವತ್ತ ಬಸುರು ಕೀಳಾಕತ್ತೀರಲ್ಲ! ನಿಮ್ಮ ಕೈಗೆ ಕರುಳಿಲ್ಲೇನ ಪಾಪಿಗಳಿರಾ!"

ಗುಲ್ನಾಜ ನಾಗರತ್ನಾಳ ಮುಖ ನೋಡಿದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ನಾಗರತ್ನಾ ಅತ್ತೆಯ ಕೈ ಹಿಡಿದು ಬದುವಿನ ಮರದ ನೆರಳಿಗೆ ಕೂರಿಸಿ ಎಲ್ಲ ಹೇಳಿದಳು, ಮೊಗ್ಗು ಸೀಳುವುದರಿಂದ ಹಿಡಿದು ಸುನಿತಾ ಹೋದದ್ದರವರೆಗೆ. ದಾರ ರಕ್ಷೆ ಅಲ್ಲ, ಗುರುತು ಎಂದಳು.

ಸುಶೀಲವ್ವ ಅಳುತ್ತಾಳೆ ಎಂದು ನಾಗರತ್ನಾ ಅಂದುಕೊಂಡಿದ್ದಳು. ಅವಳಿಗೆ ಬಂದದ್ದು ಸಿಟ್ಟು.

"ಮತ್ತ ತಪ್ಪು ನಿಂದು ಅಂತ ಯಾಕ ಹೇಳಿದಿ?"

"ನಿಮ್ಮನ್ನ ಆಡಿಕೊಂಡಾರು ಅಂತ..."

"ಓಹೋ! ನನ್ನ ತಪ್ಪು ಹೊತ್ತು ತಿರಗಾಕ ನಿನಗ್ಯಾರ ಹೇಳಿದ್ರು? ನಾ ಏನು ಕೈಲಾಗದಾಕಿ ಅಂತ ತಿಳದೀಯೇನು? ಸುನಿತಾ ಓಣಿ ತುಂಬಾ ನಿನ್ನ ಹೆಸರು ಹಿಡದು ಒದರಾಕತ್ತಾಳ. ನಾ ಕೇಳಿಕೋತ ಬಂದೇನಿ, ನನ್ನ ಸೊಸೀಗೆ ಇಷ್ಟೂ ತಿಳೀಲಿಲ್ಲೇನು ಅನಕೋತ! ನಾಚಿಕಿ ಆಗಬೇಕು ನಿನಗ!"

ಬೈಸಿಕೊಂಡು ನಾಗರತ್ನಾಗೆ ನಿನ್ನೆಯಿಂದ ಮೊದಲ ಸಲ ನಗು ಬಂತು, ಜೊತೆಗೆ ಕಣ್ಣೂ ತುಂಬಿ ಬಂದವು. ಮುದುಕಿ ಎರಡನ್ನೂ ನೋಡದೆ ಎದ್ದು ಸರಸರ ಊರ ದಾರಿ ಹಿಡಿದಳು. ಅವಳ ಬುತ್ತಿ ಅವಳೇ ಬಿಚ್ಚಿ ಬಡಿಸಲಿಲ್ಲ ಅಂದರೆ ಅದು ಸಣ್ಣ ಸಿಟ್ಟಲ್ಲ.

ಮರುದಿನ ಮುಂಜಾನೆ ಗಾರ್ಮೆಂಟಿನ ಬಸ್ಸು ಬರುವ ಹೊತ್ತಿಗೆ ಅತ್ತೆ ಊರ ಕ್ರಾಸಿನಲ್ಲಿ ಬಸ್ಸಿನ ಬಾಗಿಲಿಗೇ ಅಡ್ಡ ನಿಂತಿದ್ದಾಳೆ ಎಂದು ಗುಲ್ನಾಜ ಓಡಿ ಬಂದು ಹೇಳಿದಾಗ ನಾಗರತ್ನಾ ಚಪ್ಪಲಿ ಮೆಟ್ಟದೆ ಓಡಿದಳು. ಡ್ರೈವರ್ ಹಾರ್ನು ಒತ್ತುತ್ತಲೇ ಇದ್ದ. ಕೊರಳಿಗೆ ಹೊಸ ಗುರುತಿನ ಚೀಟಿ ಹಾಕಿದ ಹುಡುಗಿಯರೆಲ್ಲ ಕಿಟಕಿಯಿಂದ ಇಣುಕುತ್ತಿದ್ದರು. ಕೆಲಸ ಕೇಳಲು ಹೊರಟ ಸುನಿತಾ ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತಿದ್ದಳು.

"ಎಲ್ಲಾರೂ ಕೇಳ್ರಿ" ಎಂದಳು ಸುಶೀಲವ್ವ, ಚರಗ ಚೆಲ್ಲುವಾಗಿನ ಅದೇ ಗಂಟಲಿನಲ್ಲಿ. "ದಾರ ಕಟ್ಟಿದಾಕಿ ನಾನು. ನನ್ನ ಸೊಸೀದು ಒಂದೂ ತಪ್ಪಿಲ್ಲ. ದೇವರ ಕೆಲಸ ಅಂತ ತಿಳದು ನಿಮ್ಮೆಲ್ಲಾರ ಕೆಲಸ ಹಾಳ ಮಾಡೇನಿ. ಬೈಯೋರು ನನ್ನ ಬೈರಿ, ಇಲ್ಲೇ ನಿಂತೇನಿ."

ಊರಿನಲ್ಲಿ ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ ಸುಶೀಲವ್ವ. ಹಿರಿಯರ ಪಂಚಾಯ್ತಿಯಲ್ಲೂ ಕಡೆಯ ಮಾತು ತನ್ನದೇ ಆಗಬೇಕು ಅನ್ನುವವಳು. ನಾಗರತ್ನಾ ಅವಳ ಕೈ ಹಿಡಿದುಕೊಳ್ಳಲು ಹೋದಳು, ಮುದುಕಿ ಕೊಡವಿದಳು.

ಸುನಿತಾ ಮೆಟ್ಟಿಲ ಮೇಲಿನ ಕಾಲು ತೆಗೆಯದೆ ಹೇಳಿದಳು. "ಬೇ, ಸಿಟ್ಟಿನ ಮಾತಲ್ಲ. ಹೊಟ್ಟಿ ಮಾತು. ಅಲ್ಲಿ ತಿಂಗಳಾದ ಕೂಡ್ಲೆ ಪಗಾರ ಬರತೈತಿ."

"ಬರಲೇಳವ್ವ. ಬ್ಯಾಡ ಅನ್ನಾಕ ನಾನ್ಯಾರು? ಆದ್ರ ಬಸ್ಸು ದಿನಾ ಬರತೈತಿ. ಹೂ ದಿನಾ ಬರಂಗಿಲ್ಲ. ಹೂ ಮುಗಿಯೂ ತನಕಾ ಬಾ. ಆಮ್ಯಾಲೆ ಹೋಗೂದಿದ್ರ ನಾನ ನಿನ್ನ ಕೈ ಹಿಡದು ಇದ ಬಸ್ಸು ಹತ್ತಸ್ತೇನಿ. ಈ ಡ್ರೈವರಪ್ಪ ಸಾಕ್ಷಿ."

"ಅಜ್ಜೀ, ನನ್ನ ಯಾಕ ನಡುವ ತರ್ತಿ, ಸರೀ ಸಾಕು!" ಎಂದು ಡ್ರೈವರ್ ಒದರಿದ. ಬಸ್ಸಿನೊಳಗೆ ನಗೆ ಎದ್ದಿತು. ಸುನಿತಾ ಬಿಗಿ ಮುಖ ಮಾಡಿಕೊಂಡಿರಲು ಪ್ರಯತ್ನಿಸಿ ಸೋತಳು. ಮೆಟ್ಟಿಲ ಮೇಲಿನ ಕಾಲು ಕೆಳಗೆ ಬಂತು. ಅವಳ ಜೊತೆ ಹೊರಟಿದ್ದವರಲ್ಲಿ ಮೂವರು ಹಿಂದಕ್ಕೆ ತಿರುಗಿದರು, ಒಬ್ಬಳು ಬಸ್ಸು ಹತ್ತಿ ಹೋದಳು. ಅವಳಿಗೂ ಅವಳ ಮನೆಯದೊಂದು ಲೆಕ್ಕ ಇತ್ತು, ತಪ್ಪೆನ್ನಲಾಗದು.

ಹೊಲದಲ್ಲಿ ಕೀಳುವುದು ಮತ್ತೆ ಶುರುವಾಯಿತು. ಸುಶೀಲವ್ವ ಬಂದಳು, ಬದುವಿನ ಮೇಲೆ ಕೂತಳು, ಒಂದು ಕಾಯಿಯನ್ನೂ ಮುಟ್ಟಲಿಲ್ಲ. ಬೀಜದ ಕೆಲಸ ಗೊತ್ತಾಯಿತು, ತಪ್ಪೂ ಒಪ್ಪಿಕೊಂಡಾಯಿತು, ಆದರೆ ಅವಳ ಕೈ ಮಾತ್ರ ಆ ಕೆಲಸಕ್ಕೆ ಏಳಲೊಲ್ಲದು. ಬದುವಿಗೆ ಬಿದ್ದ ಕಾಯಿಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ತುಂಬಿಕೊಂಡಳು. ಔಷಧಿ ಹೊಡೆದು ತಿಂಗಳಾಯಿತೆಂದು ನಾಗರತ್ನಾಳಿಂದ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಮನೆಮನೆಗೆ ಹಂಚಿದಳು. ಎಂಟು ದಿನ ದುಂಡಸಿಯ ಯಾವ ಓಣಿಗೆ ಹೋದರೂ ಬೆಂಡಿಕಾಯಿ ಪಲ್ಯದ ವಾಸನೆ. ಖಾದರಸಾಬರಂತೂ ಕಡುಬು ಕೇಳಿದ್ದೇ ತಪ್ಪಾಯಿತು, ಇನ್ನು ಬೆಂಡಿ ಬೇಡ ತಾಯಿ ಎಂದು ಕೈ ಮುಗಿದರು.

ಕಾಯಿ ಕಿತ್ತ ಗಿಡ ನಾಗರತ್ನಾ ಹೇಳಿದ ಹಾಗೇ ಹೂವು ಬಿಟ್ಟಿತು. ಬಿಟ್ಟದ್ದು ಅಂಥಿಂಥ ಹೂವಲ್ಲ, ಹೆಂಗಸರಿಗೆ ಸೊಂಟ ಎತ್ತಲು ಬಿಡುವು ಕೊಡಲಿಲ್ಲ. ಇಳಿಹೊತ್ತಿನಲ್ಲಿ ಮೊಗ್ಗು ಸೀಳುವುದು, ಮುಂಜಾನೆ ಹೂವು ಮುಟ್ಟಿಸುವುದು. ಮೊದಲ ವಾರ ಕೈ ಸಾಲದೆ ಬಂತು. ಆಗ ಒಂದು ಸಂಜೆ ಸುಶೀಲವ್ವ ತಾನೇ ಸಾಲಿಗೆ ಇಳಿದು, ಕಲಿಸು ಎಂದು ಸೊಸೆಯ ಮುಂದೆ ಕೂತಳು. ಮೊದಲ ಮೊಗ್ಗು ಪೂರ್ತಿ ಮುರಿದು ಕೈಗೆ ಬಂತು, ಎರಡನೆಯದೂ ಅದೇ ಗತಿ. ಸುನಿತಾ ಪಕ್ಕದ ಸಾಲಿನಿಂದ, "ಬೇ, ಅದು ಮೊಗ್ಗು, ನಿನ್ನ ಸೊಸೀ ಕಿವಿ ಅಲ್ಲ, ಸಾವಕಾಶ ಹಿಡಿ" ಎಂದಳು. ಮುದುಕಿ ಅವಳಿಗೆ ನಾಲ್ಕು ಬೈಗುಳ ಹೇಳಿ ಮೂರನೆಯದಕ್ಕೆ ಕೈ ಹಾಕಿದಳು. ಅದು ಉಳಿಯಿತು. ಆದರೂ ದಾರವಿಲ್ಲದ ಕಾಯಿ ಕಂಡಲ್ಲಿ ಮುಖ ತಿರುಗಿಸಿ, "ಸುನಿತಾ, ಇಲ್ಲೊಂದೈತಿ ನೋಡು" ಎಂದು ಮುಂದೆ ಹೋಗುತ್ತಿದ್ದಳು. ತಾನು ಕೀಳುತ್ತಿರಲಿಲ್ಲ. ನಾಗರತ್ನಾ ಒತ್ತಾಯ ಮಾಡಲಿಲ್ಲ.

ಹೂವು ಮುಗಿಯುತ್ತ ಬಂದ ಕಾಲಕ್ಕೆ ಫಕ್ಕೀರೇಶ ಹೊಲದ ಪರೀಕ್ಷೆಗೆ ಬಂದ. ಈ ಸಲ ಒಬ್ಬನೇ ಅಲ್ಲ, ಮೇಲಿನ ಅಧಿಕಾರಿಯನ್ನೂ ಕರೆತಂದಿದ್ದ. ಇಬ್ಬರೂ ಸಾಲು ಸಾಲು ನಡೆದರು. ಕಾಯಿ ತಿರುವಿ ನೋಡಿದರು, ಎಲೆ ಎತ್ತಿ ನೋಡಿದರು. ಅಧಿಕಾರಿ ಒಂದು ಕಡೆ, ಚಲೋ ಐತಿ, ಹಿಂಗ ಇದ್ರ ಮುಂದಿನ ವರ್ಷದ ಮಾತು ಆಡಬಹುದು ಎಂದ. ಹಿಂದೆ ಹೆಂಗಸರ ಗುಂಪು ನಡೆಯುತ್ತಿತ್ತು. ನಾಗರತ್ನಾ ಬೇಡಬೇಡವೆಂದರೂ ಮನಸ್ಸಿನಲ್ಲೇ ಊರಿನ ದೇವರನ್ನೆಲ್ಲ ಕರೆದಳು.

ಕೊನೆಯ ಸಾಲುಗಳಲ್ಲಿ ಒಂದು ಗಿಡದ ಮುಂದೆ ಅಧಿಕಾರಿ ನಿಂತುಬಿಟ್ಟ. ದೊಡ್ಡ ಎಲೆಯ ಮರೆಯಲ್ಲಿ ಒಂದು ಕಾಯಿ, ಹಸಿರಾಗಿ, ನೆಟ್ಟಗೆ, ಮುದ್ದಾಗಿ ಬೆಳೆದಿತ್ತು. ದಾರ ಇರಲಿಲ್ಲ.

ಯಾರಾದರೂ ಮಾತಾಡುವ ಮೊದಲೇ ಹಿಂದಿನಿಂದ ಒಂದು ಸುಕ್ಕುಗಟ್ಟಿದ ಕೈ ಬಂತು. ಸುಶೀಲವ್ವ ಆ ಕಾಯಿಯನ್ನು ಚಟ್ಟನೆ ಮುರಿದಳು. ಮುರಿದ ಕೈ ಒಂದು ಕ್ಷಣ ಅವಳ ಎದೆಗೆ ಹೋಯಿತು, ಕಣ್ಣು ಒದ್ದೆಯಾದವು. ಬಳಿಕ ಅದನ್ನು ಬದುವಿನ ಆಚೆಗೆ, ದೂರಕ್ಕೆ ಎಸೆದಳು.

"ನಿಂತಿರ್ಯಾಕ ಸಾಹೇಬ್ರ?" ಎಂದಳು. "ನಡೀರಿ, ಇನ್ನೂ ಎರಡು ಸಾಲು ಅದಾವ."